ನೀಲಿ ಗಾಜು

ದೂರದ ನಕ್ಷತ್ರವೊಂದಕ್ಕೆ ತೀರಾ ಹತ್ತಿರದಲ್ಲಿ ಗುರುವಿನಂಥ ದೈತ್ಯ ಗ್ರಹವೊಂದು ಸುತ್ತುತ್ತಿದೆ ಎಂದು ಪತ್ರಿಕೆಯಲ್ಲಿ ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಾನಾಗ ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಭಾನುವಾರ ಭದ್ರಾವತಿಗೆ ಹೋದಾಗ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರದು ಕಾರ್ಖಾನೆಯಲ್ಲಿ ಉಕ್ಕು ಕರಗಿಸುವ ಕುಲುಮೆಯ ಮುಂದಿನ ಕೆಲಸ.

"ಅಷ್ಟು ಹತ್ರ ಇದ್ರೆ ಸುಟ್ಟು ಹೋಗಲ್ವೇನೆ?"

"ಕಾದು ಉಬ್ಬಿರುತ್ತೆ ಅಪ್ಪ. ಮೈಮೇಲಿನ ಗಾಳಿ ಚೂರುಚೂರೇ ಹಾರಿ ಹೋಗ್ತಿರುತ್ತೆ."

"ಪಾಪ. ಹಿಂದೆ ಸರಿಯೋಕೂ ಆಗಲ್ಲ."

ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ, ಅದರಿಂದಲೇ ಪತ್ತೆ ಎಂದೆ. ಬಾಯಲ್ಲಿ ಹೇಳಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಬಲ್ಬು ಹಾಕಿ, ಅಪ್ಪನನ್ನು ಎದುರು ಕೂರಿಸಿ, ಎಡಗಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ ನಿಂಬೆಹಣ್ಣಿಗೆ ದಾರ ಕಟ್ಟತೊಡಗಿದೆ.

"ಹೂಂ, ಈಗ ಮಂದ ಆಯ್ತು ನೋಡು" ಅಂದರು ಅಪ್ಪ.

ಹಣ್ಣು ಇನ್ನೂ ನನ್ನ ಮಡಿಲಲ್ಲೇ ಇತ್ತು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಮುಖ ತಿರುಗಿಸಿಕೊಂಡಳು. ಅವಳಿಗೆ ಗೊತ್ತಿತ್ತು.

ಕುಲುಮೆಯ ಕಿಂಡಿಯಲ್ಲಿ ಇಣುಕುವಾಗ ಉರಿಬೆಳಕು ತಾಗದಂತೆ ಕಣ್ಣಿಗೆ ನೀಲಿ ಗಾಜು ಹಿಡಿಯುವುದು ಪದ್ಧತಿ. ಅದರೊಳಗಿಂದ ಎಲ್ಲ ಮಬ್ಬಾಗಿ ಕಾಣತೊಡಗಿದಾಗ ಅಪ್ಪ ದೂರಿದ್ದು ಕಣ್ಣನ್ನಲ್ಲ, ಗಾಜನ್ನು. ಅದನ್ನು ಜೇಬಿಗೆ ಹಾಕಿ ಬರಿಗಣ್ಣಲ್ಲೇ ಬೆಂಕಿ ನೋಡುತ್ತಾ ಬಂದಿದ್ದರು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಬಲಗಣ್ಣಿನ ಪರದೆ ಸುಟ್ಟಿದೆ, ಆ ದೃಷ್ಟಿ ಇನ್ನು ವಾಪಸ್ ಬರಲ್ಲ. ಎಡಗಣ್ಣಿಗೂ ಶುರುವಾಗಿದೆ. ಬೆಂಕಿ ಮುಂದೆ ನಿಲ್ಲೋದು ಬಿಡಿ."

ಬಿಡುವುದೆಂದರೆ ಕೆಲಸಕ್ಕೆ ಅನರ್ಹ ಎನ್ನಿಸಿಕೊಂಡು ಕ್ವಾರ್ಟರ್ಸ್ ಖಾಲಿ ಮಾಡುವುದು. ನನ್ನ ಬಾಡಿಗೆ ಮನೆಗೆ ಬನ್ನಿ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ನೋಡುವಂತೆ ಜಗಳವಾಡಿದೆ. ಅಪ್ಪ ಭದ್ರಾವತಿ ಬಸ್ಸು ಯಾವುದೆಂದು ಕೇಳಿದರು, ಅಷ್ಟೇ. ಕಾರ್ಖಾನೆಯ ಮೇಲೂ ಅವರ ಮೇಲೂ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮುಂದಿನ ವಾರ ಹೋದಾಗ ಅವರು ಶಿಫ್ಟಿಗೆ ಹೊರಟಿದ್ದರು. ಅಮ್ಮ ಎಂದಿನಂತೆ ಉಪ್ಪು ಹಾಕಿದ ನಿಂಬೆ ಪಾನಕ ಕೊಟ್ಟಳು.

"ಗಾಜಾದ್ರೂ ಹಿಡೀತೀರಾ?" ಎಂದು ಕೇಳಿದೆ.

"ಹಿಡೀತೀನಿ ಮಾರಾಯ್ತಿ. ಅದ್ರಲ್ಲಿ ಸರಿಯಾಗಿ ಕಾಣಲ್ಲ, ಸ್ವಲ್ಪ ಹತ್ರ ನಿಲ್ತೀನಿ."

ನಿವೃತ್ತಿಯಾಗುವ ತನಕ ಹಾಗೆಯೇ ನಿಂತರು. ಕೊನೆಯ ದಿನ ಜೊತೆಯವರು ಹಾರ ಹಾಕಿ ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಬೀದಿಯಲ್ಲಿ ಯಾವತ್ತೂ ಗಂಡನಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದಿದ್ದ ಅಮ್ಮ, ಆವತ್ತು ಎಲ್ಲರೆದುರಿಗೇ ಅವರ ಕೈ ಹಿಡಿದು ಮನೆಗೆ ಕರೆತಂದಳು.