ಅಂದು ನಾನು ಕೂಗದ ಹೆಸರು

ವಿದ್ಯಾ, ನಿನ್ನನ್ನು ನೋಡುವುದಿಲ್ಲ ಎಂದು ನಿನ್ನ ಅಮ್ಮ ಯಾವತ್ತೂ ಹೇಳಿರಲಿಲ್ಲ. ಆ ಮಾತನ್ನು ಹುಟ್ಟಿಸಿದವಳು ನಾನು — ಮಹಿಳಾ ಜೈಲಿನ ವಾರ್ಡರ್ ಆಗಿದ್ದ ಪದ್ಮಾವತಿ. ಕಳೆದ ವಾರ ಬಂಟ್ವಾಳದ ನಿನ್ನ ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ಅಳತೆ ಕೊಟ್ಟು ಹೋದ ಮೂಡುಬಿದಿರೆಯ ಮುದುಕಿ.

ಜೈಲಿನ ದಿನಚರಿ ನಿನಗೂ ಸ್ವಲ್ಪ ನೆನಪಿರಬಹುದು. ಆರು ವರ್ಷ ತುಂಬುವವರೆಗೆ ನೀನೂ ಅಲ್ಲೇ ಅಮ್ಮನ ಜೊತೆಗಿದ್ದೆ, ಆಮೇಲೆ ಅಜ್ಜಿಯ ಮನೆಗೆ ಹೋದೆ. ಬೆಳಿಗ್ಗೆ ಬೀಗ ತೆಗೆದು ತಲೆ ಎಣಿಸುವುದು, ತಿಂಡಿ, ಹೊಲಿಗೆ ಶೆಡ್ಡು, ಕತ್ತಲಾಗುವ ಮೊದಲು ಮತ್ತೆ ಎಣಿಸಿ ಬೀಗ. ನಡುವೆ ಸಂದರ್ಶನ — ಜಾಲರಿಯ ಈಚೆ ಕೈದಿ, ಆಚೆ ಮನೆಯವರು, ಪಕ್ಕದಲ್ಲಿ ಅವರ ಭಾಷೆ ತಿಳಿದ ಒಬ್ಬ ವಾರ್ಡರ್. ಆಡುವ ಮಾತನ್ನೆಲ್ಲ ಅವಳು ಕೇಳಿಸಿಕೊಳ್ಳಲೇಬೇಕು. ಘಟ್ಟದ ಮೇಲಿನ ಆ ಊರಿನ ಜೈಲಿನಲ್ಲಿ ತುಳು ಬಲ್ಲವಳು ನಾನೊಬ್ಬಳೇ. ತುಳು ಬಿಟ್ಟು ಬೇರೇನೂ ಬಾರದ ನಿನ್ನ ಅಜ್ಜಿಗೆ, ನಾನಿಲ್ಲದಿದ್ದರೆ ಮಗಳೊಡನೆ ಮಾತೇ ಇಲ್ಲ. ಆ ಅಧಿಕಾರ — ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಆ ದಿನ ತಂಗಿಯ ಮಗಳ ಮದುವೆಗೆಂದು ರಜೆ ಸಿಕ್ಕಿತ್ತು. ಊರಿನ ಬಸ್ಸು ಹಿಡಿಯಲು ಚೀಲವನ್ನು ಹೆಗಲಿಗೇರಿಸಿದ್ದೆ. ಆಗಲೇ ಕೊಕ್ಕಡದಿಂದ ಅಜ್ಜಿ ನಿನ್ನ ಕೈ ಹಿಡಿದು ಬಂದರು. ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿತ್ತಂತೆ. ನಿನ್ನ ಅಮ್ಮ ಗುಲಾಬಿಯನ್ನು ಶೆಡ್ಡಿನಿಂದ ಕೂಗಿ ಕರೆಸಿದರೆ ನನ್ನ ಬಸ್ಸು ತಪ್ಪುತ್ತಿತ್ತು. ಹೊತ್ತು ಮೀರಿತು ಎಂದರೆ ಅಜ್ಜಿ ಜೈಲಿನ ಸೂಪರಿಂಟೆಂಡೆಂಟ್ ಮೇಡಂ ಎದುರು ಹೋಗಿ ಅಳುತ್ತಿದ್ದರು. ಕೈದಿಯೇ ಬೇಡವೆಂದರೆ ಮಾತ್ರ ಯಾರೂ ಮರುಮಾತಾಡುವಂತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಆಲೆಗ್ ನಿಕ್ಲೆನ್ ತೂವರೆ ಮನಸ್ ಇಜ್ಜಿಗೆ" ಎಂದೆ. ಅವಳಿಗೆ ನಿಮ್ಮನ್ನು ನೋಡುವ ಮನಸ್ಸಿಲ್ಲವಂತೆ.

ಅಜ್ಜಿ ನಿನ್ನ ಕೈ ಹಿಡಿದು ಹೊರಡಲು ತಿರುಗಿದರು. ನೀನು ಮಾತ್ರ — "ನಾನೂ ಬೇಡವಂತಾ?" ಎಂದೆ. ನಾನು ಹೌದೆಂದು ತಲೆಯಾಡಿಸಿ ಬಸ್ಸಿಗೆ ಓಡಿದೆ.

ರಜೆ ಮುಗಿಸಿ ಹೋದಾಗ ಗುಲಾಬಿ ಕೇಳಿದಳು, "ಅಕ್ಕ, ನಮ್ಮವರು ಯಾರಾದ್ರೂ ಬಂದಿದ್ರಾ?"

"ಇಲ್ಲ ಮಾರಾಯ್ತಿ, ಯಾರೂ ಬರಲಿಲ್ಲ."

ಮುಂದಿನ ಸಲ ಅವರು ಬಂದಾಗ ಸರಿಮಾಡಿದರಾಯಿತು ಎಂದುಕೊಂಡೆ. ನೀವು ಮತ್ತೆ ಬರಲೇ ಇಲ್ಲ. ಅಜ್ಜಿ ತೀರಿಹೋದ ಸುದ್ದಿ ಮಾತ್ರ ಬಂತು. ಆಮೇಲೂ ಸಂದರ್ಶನದ ದಿನಗಳಲ್ಲಿ ಗುಲಾಬಿ ತಲೆ ಬಾಚಿ, ಬಾಗಿಲ ಹತ್ತಿರದ ಮೆಷಿನ್ನಿಗೇ ಹೋಗಿ ಕೂರುತ್ತಿದ್ದಳು — ಕೂಗಿದರೆ ಬೇಗ ಕೇಳಿಸಲಿ ಎಂದು. ಕೂಗುತ್ತಿದ್ದವಳು ನಾನೇ. ಯಾರ ಹೆಸರು ಕೂಗಿದರೂ ಅವಳು ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಈಗಲೂ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಯಾರನ್ನಾದರೂ ಕರೆದರೆ, ನನ್ನ ಬೆನ್ನ ಹಿಂದೆ ಯಾರೋ ಅರ್ಧ ಎದ್ದಂತಾಗುತ್ತದೆ. ತಿರುಗಿ ನೋಡಲು ಹೆದರಿಕೆ.

ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದಳು. ಗುಲಾಬಿಗೆ ಬಿಡುಗಡೆಯಂತೆ. ಕರೆದುಕೊಂಡು ಹೋಗಲು ಬರುತ್ತೀಯಾ ಎಂದು ಜೈಲಿನವರು ಕೇಳಿದ್ದಕ್ಕೆ, ನನಗೆ ಅಮ್ಮ ಇಲ್ಲ ಎಂದೆಯಂತೆ ನೀನು. ಅದಕ್ಕೇ ನಿನ್ನನ್ನು ಹುಡುಕಿಕೊಂಡು ಬಂದೆ. ನೀನು ಅಳತೆ ತೆಗೆಯುವಾಗ, ಅಮ್ಮ ಇದ್ದಾರಾ ಎಂದು ಕೇಳಿದೆ.

"ಇದ್ದಾರೆ. ಆದ್ರೆ ಅವರಿಗೆ ನಾನು ಬೇಡ. ನೀವು ಕೈ ಸ್ವಲ್ಪ ಎತ್ತಿ."

ಕೈ ಎತ್ತಿದೆ. ಅಳತೆ ಕೊಟ್ಟು, ಹೇಳಬೇಕಾದದ್ದನ್ನು ಹೇಳದೆಯೇ ಬಸ್ಸು ಹತ್ತಿದೆ.

ನಮ್ಮ ಜೈನರಲ್ಲಿ ಪರ್ವ ಮುಗಿದ ಮೇಲೆ ಎಲ್ಲರ ಬಳಿ ಕ್ಷಮೆ ಕೇಳುವ ದಿನವೊಂದಿದೆ. ವರ್ಷವರ್ಷವೂ ಬಸದಿಯ ಅಂಗಳದಲ್ಲಿ, ನಾನು ಏನೂ ಕೆಡುಕು ಮಾಡದವರಿಗೆಲ್ಲ ಕೈ ಮುಗಿದಿದ್ದೇನೆ. ಎಷ್ಟು ಸುಲಭ! ನಿನ್ನ ಬಳಿ ಅದನ್ನು ಕೇಳುವುದಿಲ್ಲ.

ರವಿಕೆ ಶನಿವಾರ ಸಿಗುತ್ತದೆ ಎಂದಿದ್ದೀಯ. ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿನ್ನೆದುರು ನಿಂತು ಹೇಳುತ್ತೇನೆ. ಮುಖಕ್ಕೆ ಉಗಿದರೆ ಒರೆಸಿಕೊಳ್ಳುತ್ತೇನೆ. ಆದರೆ ಬಿಡುಗಡೆಯ ದಿನ ಆ ಗೇಟಿಗೆ ಹೋಗು, ಮಗಾ. ಹೊರಗೆ ಬಂದವಳೇ ಅವಳು ಮೊದಲು ಕೇಳುವುದು ಅದನ್ನೇ — ಯಾರಾದರೂ ಬಂದಿದ್ದಾರಾ ಎಂದು. ನೀನು ಹೋಗದಿದ್ದರೆ, ಅಂದು ನಾನು ಅವಳಿಗೆ ಹೇಳಿದ ಸುಳ್ಳು ನಿಜವಾಗಿಬಿಡುತ್ತದೆ.