ಹೆರ್ಯೆದಾಲೆನ್ ಕಾಡಿನಲ್ಲೊಂದು ಬಿಸ್ಮಿಲ್ಲಾ

ಗುರುವಾರ ಮಧ್ಯಾಹ್ನ ಸ್ವೀಡನ್ನಿನ ವೆಸ್ಟೆರಾಸ್‌ನಿಂದ ಹೊರಟಾಗ ಮಳೆ ಬರುತ್ತಿತ್ತು. ಜೊತೆಗೆ ಬಂದ ಗೆಳೆಯ ಇಮ್ತಿಯಾಜ್‌ನನ್ನು ಕೇಳಿದರೆ ಬಿಸಿಲಿತ್ತು ಎನ್ನುತ್ತಾನೆ. ಹೋಗಿ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಹವಾಮಾನದ ಬಗ್ಗೆಯೇ ನಮ್ಮಲ್ಲಿ ಒಮ್ಮತವಿಲ್ಲ. ಇಬ್ಬರೂ ಒಪ್ಪುವಷ್ಟನ್ನು ಮೊದಲು ಬರೆದುಬಿಡುತ್ತೇನೆ: ಸೆಪ್ಟೆಂಬರ್ ತಿಂಗಳು, ನನ್ನ ಹಳೆಯ ಕಾರು, ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ನಸ್ರೀನ್ ಕಟ್ಟಿಕೊಟ್ಟ ಖೀಮಾ ಪರೋಟ, ಡಿಕ್ಕಿಯಲ್ಲಿ ಬೀಗ ಹಾಕಿದ ಬಂದೂಕು, ಉತ್ತರಕ್ಕೆ ಹೆರ್ಯೆದಾಲೆನ್ ಸೀಮೆಯ ಸ್ವೇಗ್ ಊರಿನವರೆಗೆ ಐದು ತಾಸಿನ ದಾರಿ.

ಹೊರಟಿದ್ದು ಎಲ್ಕ್ ಬೇಟೆಗೆ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಆದರೆ ಕುದುರೆಗಿಂತ ಎತ್ತರ, ಸಲಿಕೆಯಂಥ ಕೊಂಬು, ಉದ್ದನೆಯ ಬೇಸರದ ಮುಖ. ಶರತ್ಕಾಲ ಬಂತೆಂದರೆ ನಮ್ಮ ಕಚೇರಿಯ ಅರ್ಧ ಜನ ರಜೆ ಹಾಕಿ ಕಾಡಿನಲ್ಲಿರುತ್ತಾರೆ. ನನ್ನ ಮಗಳು ಜೋಯಾಳ ಶಾಲೆಯಲ್ಲೂ ಆ ದಿನಗಳಲ್ಲಿ ಊಟಕ್ಕೆ ಎಲ್ಕ್ ಸಾರು. ಅವಳಿಗೆ ಮಾತ್ರ ಬೇಳೆಯ ವಡೆ. ಒಂದು ಸಂಜೆ ಕೇಳಿದಳು: "ಅಬ್ಬಾ, ಎಲ್ರೂ ತಿಂತಾರೆ. ನಾನೊಬ್ಳೇ ಬೇರೆ ಕ್ಯೂ. ನಮ್ದು ಯಾವಾಗ?"

ಹಲಾಲ್ ಕುರಿ ಸಿಗುತ್ತದೆ, ಕೋಳಿ ಸಿಗುತ್ತದೆ. ಹಲಾಲ್ ಎಲ್ಕ್ ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೇಟೆಯ ಪ್ರಾಣಿಗೆ ನಮ್ಮಲ್ಲೊಂದು ನಿಯಮವಿದೆ: ಗುಂಡು ಹಾರಿಸುವವನು ಹಾರಿಸುವ ಮೊದಲು ಬಿಸ್ಮಿಲ್ಲಾ ಹೇಳಬೇಕು. ಆ ಒಂದು ಮಾತನ್ನು ಸರಿಯಾದ ಜಾಗದಲ್ಲಿ ಹೇಳಲು ನಾನು ಒಂದಿಡೀ ಚಳಿಗಾಲ ಕೂತು ಬೇಟೆಗಾರರ ಪರೀಕ್ಷೆಗೆ ಓದಿದೆ.

ಇಮ್ತಿಯಾಜ್ ಸ್ಟಾಕ್‌ಹೋಮ್‌ನ ಐಟಿಯವನು, ಮಂಗಳೂರಿನ ಬ್ಯಾರಿ. ನಾನು ದಾವಣಗೆರೆಯವನು. ಅವನ ಬ್ಯಾರಿ ನನಗೆ ಬಾರದು, ನನ್ನ ಉರ್ದು ಕೇಳಿದರೆ ಅವನಿಗೆ ನಗು, ಹಾಗಾಗಿ ಕನ್ನಡ. ದಾರಿಯುದ್ದಕ್ಕೂ ಒಂದೇ ವಾದ.

"ವಸೀಂ ಭಾಯ್, ಗೈಡ್ ತಗೊಳ್ಳೋಣ. ಜಾಗ ಅವರದ್ದು, ನಾಯಿ ಅವರದ್ದು, ಬಿದ್ದಿದ್ದನ್ನ ಎಳ್ಕೊಂಡು ಬರೋ ಟ್ರ್ಯಾಕ್ಟರೂ ಅವರದ್ದು. ನೀವು ಸುಮ್ನೆ ಟ್ರಿಗರ್ ಒತ್ತಿ."

"ನಂಗೆ ಗಾಯ ಮಾಡೋಕಷ್ಟೇ ಆಯ್ತು, ಗೈಡ್ ಬಿಸ್ಮಿಲ್ಲಾ ಇಲ್ದೆ ಇನ್ನೊಂದು ಹೊಡೆದು ಮುಗಿಸಿದ್ರು ಅನ್ಕೋ. ಆಗ ಮನೇಲಿ ಏನು ಹೇಳ್ಲಿ?"

"ಓಹೋ. ನಾವಿಬ್ರೇ ಹೋದ್ರೆ, ಆನೆಯಷ್ಟು ದೊಡ್ಡದನ್ನ ಕಾರಿಗೆ ಹಾಕೋರು ಯಾರು? ನಿಮ್ಮ ಮಾವನಾ?"

ಕೊನೆಗೆ ರಾಜಿಯಾಯಿತು. ಶುಕ್ರವಾರ ಜಮೀನಿನವರಿಂದ ಒಂದು ದಿನದ ಅನುಮತಿ ಪಡೆದು ನಾವಿಬ್ಬರೇ. ಶನಿವಾರ ಗೈಡ್ ಜೊತೆ.

ಸ್ವೇಗ್‌ನ ಪೆಟ್ರೋಲ್ ಬಂಕಿನವನು ನಮ್ಮ ಕಿತ್ತಳೆ ಟೋಪಿ ನೋಡಿ, "ಹಾಳು ಶಿಕಾರಿಯಾಗಲಿ!" ಎಂದು ಹಾರೈಸಿದ. ಇಲ್ಲಿ ಒಳ್ಳೆಯದಾಗಲಿ ಎನ್ನುವ ಬಗೆಯೇ ಅದು. ಇಮ್ತಿಯಾಜ್‌ಗೆ ಗೊತ್ತಿರಲಿಲ್ಲ. "ಎಂತ ಮನುಷ್ಯ ಮಾರಾಯ್ರೆ!" ಎಂದು ಮುಖ ಗಂಟಿಕ್ಕಿಕೊಂಡ. ಆ ಹಾರೈಕೆ ಮರುದಿನ ಅಕ್ಷರಶಃ ಫಲಿಸಿತು.

ಶುಕ್ರವಾರ ಬೆಳಗ್ಗೆ ಕೊರೆಯುವ ಚಳಿ. ಆಸುಪಾಸಿನಲ್ಲಿ ಮಸೀದಿಯಿಲ್ಲ, ಜುಮ್ಮಾ ನಮಾಜಿಲ್ಲ. ಕನಿಷ್ಠ ಸ್ನಾನ ಮಾಡಿ ಅತ್ತರಾದರೂ ಹಚ್ಚೋಣ ಎಂದು ಅವನು ಸಣ್ಣ ಬಾಟಲಿ ತೆಗೆದ. ನಾನೇ ಕೇಳಿದೆ ಎಂಬುದು ಅವನ ವಾದ. ಇರಬಹುದು; ನನಗೆ ನೆನಪಿರುವುದು ನನ್ನದೇ ಚಾಚಿದ ಮಣಿಕಟ್ಟು, ಅದರ ಮೇಲೆ ಊದ್ ಅತ್ತರಿನ ಒಂದು ಹನಿ. ಪರೀಕ್ಷೆಯಲ್ಲಿ ಗಾಳಿ, ವಾಸನೆ, ಎಲ್ಕ್‌ನ ಮೂಗು ಎಲ್ಲವನ್ನೂ ಸರಿಯಾಗಿ ಬರೆದು ಪಾಸಾದವರು ನಾವು. ಆದರೆ ಅದು ಪರೀಕ್ಷೆ, ಇದು ಶುಕ್ರವಾರ. ಎರಡನ್ನೂ ಜೋಡಿಸುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಜೌಗಿನ ಅಂಚಿನಲ್ಲಿ ಗಂಟೆಗಟ್ಟಲೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಎದುರಿನ ಬರ್ಚ್ ಮರಗಳ ನಡುವೆ ಕಂದು ಬಣ್ಣ ಅಲುಗಿತು. ಒಂದು ತಲೆ ಹೊರಬಂತು, ಮೂಗು ಮೇಲೆತ್ತಿತು. ಗಾಳಿ ನಮ್ಮ ಬೆನ್ನಿಂದ ಅದರ ಕಡೆಗೆ ಬೀಸುತ್ತಿತ್ತು. ಮರುಕ್ಷಣ ಕಂಡಿದ್ದು ಬರೀ ಹಿಂಭಾಗ.

ಶನಿವಾರ ಗೈಡ್ ಇಂಗೆಲಾಳ ಅಂಗಳದಲ್ಲಿ ಕಾರಿನ ಬಾಗಿಲು ತೆರೆದೆವು. ಐವತ್ತು ದಾಟಿದ ಗಟ್ಟಿ ಹೆಂಗಸು. ಕೈಕುಲುಕುವ ಮೊದಲೇ ಮೂಗು ಅರಳಿಸಿದಳು.

"ಯಾರ ಮದುವೆ?"

ನಮ್ಮ ಜಾಕೆಟ್ ಬಿಚ್ಚಿಸಿ, ಅವಳ ಗಂಡನ ಹಳೆಯವನ್ನು ಕೊಟ್ಟಳು. ಅವು ನಾಯಿಯ ವಾಸನೆ ಹೊಡೆಯುತ್ತಿದ್ದವು. ನಮಾಜಿಗೆ ಮೊದಲು ತೊಳೆದುಕೊಳ್ಳಬೇಕಲ್ಲ ಎಂದು ಇಮ್ತಿಯಾಜ್ ಗೊಣಗುತ್ತಲೇ ತೊಟ್ಟ. ನಾನು ಬಿಸ್ಮಿಲ್ಲಾದ ವಿಷಯ ಬಿಡಿಸಿ ಹೇಳಿದೆ. ಅವಳು ನಗಲಿಲ್ಲ.

"ಮೊದಲ ಗುಂಡು ನಿನ್ನದು. ಏನು ಬೇಕೋ ಹೇಳಿಕೋ. ಪ್ರಾಣಿ ನರಳಿದರೆ ಎರಡನೆಯದು ನನ್ನದು. ಆಗ ಯಾರ ದೇವರನ್ನೂ ಕೇಳುವುದಿಲ್ಲ."

ಅಂದರೆ ನನಗಿದ್ದಿದ್ದು ಒಂದೇ ಗುಂಡು.

ಮರ ಕಡಿದು ಬಯಲಾದ ಜಾಗದ ಅಂಚಿನ ಅಟ್ಟಣಿಗೆ ಹತ್ತಿದೆವು. ನಾನು, ಪಕ್ಕದಲ್ಲಿ ಇಂಗೆಲಾ, ಹಿಂದೆ ಇಮ್ತಿಯಾಜ್. ಅವಳ ಬೂದು ನಾಯಿ ಕಾಡಿನೊಳಗೆ ಮಾಯವಾಯಿತು. ಇಂಗೆಲಾಳ ಕಿವಿಗೆ ಬೇಟೆಗಾರರ ಯಂತ್ರ: ಗುಂಡಿನ ಸದ್ದು ತಡೆದು, ಸಣ್ಣ ಸದ್ದನ್ನು ಹಿಗ್ಗಿಸಿ ಕೇಳಿಸುವಂಥದ್ದು. ಇಮ್ತಿಯಾಜ್‌ನದು ಹುಲ್ಲು ಕತ್ತರಿಸುವ ಯಂತ್ರ ಓಡಿಸುವಾಗ ಕಿವಿ ಮುಚ್ಚುವ ಡಬ್ಬಿ. ಅವನಿಗೆ ಏನೂ ಕೇಳಿಸದು. ಅವನು ದಾಲ್ಚಿನ್ನಿ ಬನ್ ತಿನ್ನುತ್ತಿದ್ದ.

ನಾಯಿ ಬೊಗಳಿತು. ಆಮೇಲೆ ಬಯಲಿಗೆ ಒಂದು ಎಳೆಯ ಗಂಡು ಎಲ್ಕ್ ಬಂತು, ಉದ್ದ ಕಾಲುಗಳಲ್ಲಿ ಅವಸರವಿಲ್ಲದ ಓಟ. ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ. ಪ್ರತಿ ಸಲ ನೆನೆದಾಗಲೂ ಬಿಸಿಲು ಇನ್ನಷ್ಟು ಚೆನ್ನಾಗಿ ಬೀಳುತ್ತದೆ, ಕೊಂಬು ಇನ್ನಷ್ಟು ಬೆಳೆಯುತ್ತದೆ. ಓಡುತ್ತಿತ್ತು; ನಿಂತಿತು; ಪಕ್ಕೆ ಪೂರ್ತಿ ನನ್ನ ಕಡೆಗಿತ್ತು; ಭುಜಕ್ಕೆ ಬಂದೂಕಿನ ಒದೆ. ಕೆಲವೇ ಹೆಜ್ಜೆ ನಡೆದು ಮಡಚಿಕೊಂಡು ಬಿತ್ತು. ಎರಡನೆಯ ಗುಂಡು ಬೇಕಾಗಲಿಲ್ಲ. ನಾವು ಇಳಿದು ಹತ್ತಿರ ಹೋಗುವಷ್ಟರಲ್ಲಿ ಜೀವ ಹೋಗಿತ್ತು.

ಇಮ್ತಿಯಾಜ್ ನನ್ನನ್ನು ತಬ್ಬಿ ಕುಣಿಯುತ್ತಿದ್ದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

"ಇಮ್ತಿಯಾಜ್, ನಾನು ಹೇಳಿದ್ನಾ?"

"ಏನು?"

"ಬಿಸ್ಮಿಲ್ಲಾ."

ಎಷ್ಟು ತಡಕಿದರೂ ಆ ಜಾಗದಲ್ಲಿ ನನಗೆ ಏನೂ ಸಿಗಲಿಲ್ಲ. ಓಟ, ನಿಲುವು, ಒದೆ. ಮಧ್ಯೆ ಮಾತೇ ಇಲ್ಲ.

"ನಂಗೆ ಎಂತ ಕೇಳ್ಸುತ್ತೆ, ಕಿವಿಗೆ ಡಬ್ಬಿ! ಹೋಗ್ಲಿ, ಮರೆತ್ರೆ ಮಾಫಿ ಇದೆ, ಭಾಯ್."

ಇರಬಹುದು. ಆದರೆ ಜೋಯಾಳ ತಟ್ಟೆಗೆ ಮಾಫಿ ಬಡಿಸಲು ನಾನು ಇಷ್ಟು ದೂರ ಬಂದಿರಲಿಲ್ಲ.

ಇಂಗೆಲಾ ಚಾಕು ಒರೆಸುತ್ತಾ ನಮ್ಮಿಬ್ಬರನ್ನೂ ನೋಡಿದಳು. "ಏನಾಯಿತು? ಒಳ್ಳೆಯ ಗುಂಡಲ್ಲವೇ?"

ಹೇಳಿದೆ. ಅವಳು ಮೊದಲ ಬಾರಿ ಜೋರಾಗಿ ನಕ್ಕಳು.

"ಹೇಳಿದೆಯಾ ಅಂತಲಾ? ನನ್ನ ಕಿವಿಯಲ್ಲೇ ಕೂಗಿದ ಹಾಗಿತ್ತು! ಕೆಲಸ ಕೆಡಿಸಿದ ಅಂದುಕೊಂಡೆ. ಆದರೆ ಅದಕ್ಕೂ ಕೇಳಿಸಿತು. ನಿಂತು, ಯಾರು ಅಂತ ನೋಡಿತು. ಆಮೇಲೆ ನೀನು ಹೊಡೆದೆ. ಓಡುವ ಎಲ್ಕ್ ನಿಲ್ಲಿಸಲು ನಾವು ಶಿಳ್ಳೆ ಹಾಕುತ್ತೇವೆ. ನಿನ್ನದೂ ನಡೆಯುತ್ತದೆ."

"ಅದೇ ಪದ, ಖಂಡಿತವಾ?"

ಅವಳು ನಿಧಾನವಾಗಿ, ತನ್ನ ಸ್ವೀಡಿಷ್ ರಾಗದಲ್ಲಿ, "ಬಿಸ್-ಮಿಲ್-ಲಾ" ಎಂದಳು. ನಾನು ಬೆಳಗ್ಗೆ ವಿವರಿಸುವಾಗ ಕೇಳಿಸಿಕೊಂಡದ್ದನ್ನೇ ಹೇಳುತ್ತಿದ್ದಾಳೋ ಎಂದು ನನ್ನ ಅನುಮಾನದ ಮನಸ್ಸು ಒಮ್ಮೆ ಕೆರಳಿತು. ಆದರೆ ಎಲ್ಕ್ ನಿಂತಿದ್ದು ನಿಜ. ಅದು ನನಗೂ ನೆನಪಿದೆ. ಸುಮ್ಮಸುಮ್ಮನೆ ನಿಲ್ಲುವ ಪ್ರಾಣಿಯಲ್ಲ ಅದು.

ಆಗ ನಾನೂ ಕುಣಿದೆ. ಮೂವರೂ ಕುಣಿದೆವು ಎಂದು ಇಮ್ತಿಯಾಜ್ ಹೇಳುತ್ತಾನೆ, ಇಂಗೆಲಾ ಕುಣಿಯುವವಳಲ್ಲ. ಅವಳು ಬೇಟೆ ಹೊಡೆದವನಿಗೆ ಇಲ್ಲಿ ಮಾಡುವ ಮರ್ಯಾದೆಯಂತೆ ಸ್ಪ್ರೂಸ್ ಮರದ ಒಂದು ಚಿಗುರು ಮುರಿದು ನನ್ನ ಟೋಪಿಗೆ ಸಿಕ್ಕಿಸಿದಳು. ನನ್ನ ಕೈಯಿಂದಲೇ ಹೊಟ್ಟೆ ಸೀಳಿಸಿದಳು. ಆಮೇಲೆ ಟ್ರ್ಯಾಕ್ಟರ್ ಬಂತು.

ಹೋಗುವವರು ಕೇಳುತ್ತಾರೆ, ಮೊದಲ ಬೇಟೆಗೆ ಗೈಡ್ ಬೇಕಾ ಎಂದು. ನಾಯಿಗಾಗಿ, ಜಾಗಕ್ಕಾಗಿ, ಟ್ರ್ಯಾಕ್ಟರಿಗಾಗಿ ಬೇಕು ಎಂದು ಎಲ್ಲರೂ ಹೇಳಿಯಾರು. ನಾನು ಹೇಳುವುದು ಬೇರೆ: ಕಿವಿ ತೆರೆದಿರುವ ಇನ್ನೊಬ್ಬರು ಪಕ್ಕದಲ್ಲಿರಲಿ. ನಾವಿಬ್ಬರೇ ಇದ್ದಿದ್ದರೆ ನನಗೆ ಎಲ್ಕ್ ಸಿಗುತ್ತಿತ್ತೇನೋ, ಆ ಮಾತು ಸಿಗುತ್ತಿರಲಿಲ್ಲ.

ಮಿಕ್ಕ ಮಾಂಸವನ್ನು ಇಂಗೆಲಾಳ ತಣ್ಣನೆಯ ಕೋಣೆಯಲ್ಲಿ ತೂಗುಬಿಟ್ಟು, ಒಳಗಿನ ಮೆತ್ತನೆಯ ತುಂಡನ್ನಷ್ಟೇ ತಂದೆವು. ಭಾನುವಾರ ಸಂಜೆ ನಸ್ರೀನ್ ಬಾಗಿಲಲ್ಲೇ ಕೇಳಿದಳು: "ಹೇಳಿದ್ರಿ ತಾನೆ?"

"ಹೇಳ್ದೆ. ಸಾಕ್ಷಿ ಇದೆ."

"ಯಾರು, ಇಮ್ತಿಯಾಜಾ?"

"ಅವನು ಬನ್ ತಿಂತಿದ್ದ. ಇಂಗೆಲಾ."

ನಸ್ರೀನ್ ಮೆಂತ್ಯ ಸೊಪ್ಪು ಹಾಕಿ ಸಾರು ಮಾಡಿದಳು. ಜೋಯಾ ಅದರ ಮೇಲೆ ಲಿಂಗೊನ್ ಹಣ್ಣಿನ ಜಾಮ್ ಸುರಿದಳು, ಶಾಲೆಯಲ್ಲಿ ಹಾಗೆಯೇ ತಿನ್ನುತ್ತಾರಂತೆ. "ಮೆಂತ್ಯಕ್ಕೆ ಜಾಮಾ!" ಎಂದು ಇಮ್ತಿಯಾಜ್ ಬಾಯಿಗೆ ಕೈ ಇಟ್ಟ. ಅವಳು ಅವನ ಕಡೆ ನೋಡಲೇ ಇಲ್ಲ. ಬಾಯಿ ತುಂಬಿಕೊಂಡೇ ಖಾಲಿ ತಟ್ಟೆ ನನ್ನ ಕಡೆ ಚಾಚಿ, ಇನ್ನೂ ಬೇಕು ಎಂದು ಸ್ವೀಡಿಷ್‌ನಲ್ಲಿ ಹೇಳಿದಳು:

"ಮೇರ್, ಅಬ್ಬಾ. ಮೇರ್."

ಎರಡು ಸಲ ಹೇಳಿದಳು. ಆಗ ಎಲ್ಲರ ಕಿವಿಯೂ ತೆರೆದಿತ್ತು.