ಟ್ರ್ಯಾಕ್ಟರ್ ಏರಿದ ಛತ್ತು

ಗಜೇಂದ್ರಗಡದ ಸೀರಿ ಅಂಗಡಿ ಸಾವಕಾರ್ರ ಹತ್ರ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರ್ ಐತಿ. ಅದರ ಛತ್ತು ಅಂದ್ರ ಎರಡು ಕರಿ ಗಾಜು. ಬೇಕಾದಾಗ ಹಾಕಿ, ಬ್ಯಾಡಾದಾಗ ತಗೀಬಹುದು. ಹಳೇವು ಒಡದಿದ್ವು. ಹೊಸಾವು ಕೂಡಸಾಕ ನಾ ಹುಬ್ಬಳ್ಳಿಯಿಂದ ಹೋಗಿದ್ದೆ.

ಹಳೇ ರಬ್ಬರ್ ಕಿತ್ತು, ಹೊಸಾದು ಹಚ್ಚಿ, ಮುಂಜಾನಿಂದ ಗುದ್ದಾಡಿ ಕೂಡಸಿದೆ. ಸಾವಕಾರ್ರ ತಾಯಿ ತಾವ ಒಂದು ಕೊಡ ನೀರು ಮ್ಯಾಲೆ ಸುರುವಿ ನೋಡಿದ್ರು. ಒಳಗ ಒಂದು ಹನಿ ಇಳೀಲಿಲ್ಲ. ನನ್ನ ಎದಿ ಉಬ್ಬಿತು.

"ಭಾಳ ಚಲೋ ಆತ್ರಿ. ಈಗ ತಗೀರಿ," ಅಂದ್ರು ಸಾವಕಾರ್ರು.

"ಯಾಕ್ರಿ?"

"ಸಂಜಿಗೆ ತಮ್ಮನ ಮದುವಿ ಮೆರವಣಿಗಿ ಐತ್ರಿ. ಬಾಸಿಂಗ ಕಟ್ಟಿದ ತಲಿ ಇದರಾಗ ಹ್ಯಾಂಗ ಹಿಡಸ್ತೈತಿ?"

"ಹಂಗಾದ್ರ ಇವತ್ತ ಯಾಕ ಹಾಕಿಸಿದ್ರಿ?"

"ಮಳಿ ಬಂದ್ರ ಬೇಕಲ್ರಿ. ಛತ್ತು ತಗೊಂಡು ನೀವೂ ಹಿಂದ ಬರ್ರಿ."

ಕಾರಿನ ಡಿಕ್ಕಿ ತುಂಬ ತೆಂಗಿನಕಾಯಿ, ಛತ್ತು ಇಡಾಕ ಜಾಗಾ ಇರಲಿಲ್ಲ. ಛತ್ತು ಎರಡೂ ಕೌದಿಯಾಗ ಸುತ್ತಿ ತೊಡಿ ಮ್ಯಾಲೆ ಇಟ್ಕೊಂಡು, ಸವಡಿಯಿಂದ ಬಂದಿದ್ದ ನೆಂಟರ ಟ್ರ್ಯಾಕ್ಟರ್‌ನಾಗ ಕುಂತೆ.

ಹೆಣ್ಣಿನ ಮನಿ ಮುಂದ ಇಳದ ಕೂಡ್ಲೆ ಆ ಮನಿ ಅಜ್ಜಿ ಕೌದಿ ಸರಿಸಿ ನೋಡಿದಳು.

"ಎರಡೆರಡು ಕನ್ನಡಿ ತಂದಾರವ್ವ. ದೊಡ್ಡ ಮನಸಿನ ಮಂದಿ," ಅಂದು ಗಾಜಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಬೆಳಗಿದಳು. ನಾ ಗಾಜು ಜಾರದಂಗ ಹಿಡಕೊಂಡು ನಿಂತೆ. ಅಷ್ಟರಾಗ ಮದುಮಗಳೂ ಬಂದು, ಅದರಾಗ ಮುಖಾ ನೋಡ್ಕೊಂಡು, ತಲಿ ಮ್ಯಾಲಿನ ಹೂವಿನ ದಂಡಿ ಸರಿ ಮಾಡ್ಕೊಂಡಳು.

ಮಳಿ ಬರಲಿಲ್ಲ. ಆದ್ರೂ ಛತ್ತು ಅವತ್ತ ಕೆಲಸಕ್ಕ ಬಂತು.